ಏಳು ಸಾಲು ಅಲಸಂದೆ

ಮೊನ್ನೆ ಭಾನುವಾರ ಸತ್ತೇಗಾಲದ ಸೋದರತ್ತೆಯ ಮನೆಗೆಂದು ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿ ಕುಳಿತಿದ್ದೆ. ಬಸ್ಸು ಹೊರಡುವ ಹೊತ್ತಿಗೆ ಹೆಂಗಸೊಬ್ಬಳು ಅಲಸಂದೆ ಗಿಡದ ಹೊರೆಯೊಂದನ್ನು ಎಳೆದುಕೊಂಡು ಹತ್ತಿದಳು. ಆಡಿಗೆ ಹಾಕಲು ಬೇರುಸಮೇತ ಕಿತ್ತ ಗಿಡ. ಹೊರೆಯನ್ನು ನನ್ನ ಕಾಲ ಬಳಿ ನೂಕಿ, ಪಕ್ಕದ ಸಾಲಿನ ಸೀಟಿನಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಮೊದಲು ಹಸಿ ಸೊಪ್ಪಿನ ವಾಸನೆ ಬಂತು, ಆಮೇಲೆ ಒದ್ದೆ ಮಣ್ಣಿನದು, ಅದರ ಅಡಿಯಲ್ಲಿ ಬೇರಿನದೇ ಇನ್ನೊಂದು ವಾಸನೆ, ಹಸಿ ಕಡಲೆಕಾಯಿ ಸುಲಿದಾಗ ಬರುವಂಥದ್ದು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಬಗ್ಗಿ ಒಂದು ಬೇರು ಹಿಡಿದು, ಅದಕ್ಕೆ ಅಂಟಿಕೊಂಡಿದ್ದ ಪುಟ್ಟ ಗಂಟನ್ನು ಚಿವುಟಿದೆ. ಗಂಟು ಒಡೆದು ಹೆಬ್ಬೆರಳಿನ ಉಗುರಿಗೆ ಕೆಂಪು ಹತ್ತಿತು.

“ಏನ್ ಸಾ, ಏನ್ ಕಳ್ಕಂಡ್ರಿ ಅಲ್ಲಿ?” ಎಂದಳು ಹೆಂಗಸು.

“ಏನಿಲ್ಲಮ್ಮ, ಬೇರು ನೋಡ್ತಿದ್ದೆ.”

“ಬೇರ್ನಲ್ಲಿ ನೋಡಾದೇನು?” ಎಂದವಳೇ ಹೊರೆಯನ್ನು ತನ್ನ ಕಡೆಗೆ ಎಳೆದುಕೊಂಡು ಅದರ ಮೇಲೆ ಎರಡೂ ಕಾಲಿಟ್ಟು ಕೂತಳು. ಸತ್ತೇಗಾಲ ಬರುವವರೆಗೂ ಆ ಕಾಲು ತೆಗೆಯಲಿಲ್ಲ.

ನನಗೆ ಕೋಪ ಬರಲಿಲ್ಲ. ಅವಳು ನನ್ನನ್ನು ನೋಡಿದ ನೋಟ ನನಗೆ ಚೆನ್ನಾಗಿ ಪರಿಚಯವಿದ್ದದ್ದೇ. ನಾಲ್ಕು ವರ್ಷದ ಹಿಂದೆ ಒಂದು ಇಡೀ ಮುಂಗಾರು ನಾನು ಅದೇ ನೋಟ ಹೊತ್ತುಕೊಂಡು ಮುಳ್ಳೂರಿನ ಹೊಲದ ಬದುವಿನ ಮೇಲೆ ಓಡಾಡಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅನುಮಾನ ನನ್ನ ಹುಟ್ಟುಗುಣ. ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವನು ವಾಪಸು ಬಂದು ಜಗ್ಗಿ ನೋಡುತ್ತೇನೆ. ತೆಂಗಿನಕಾಯಿ ಕೊಂಡರೆ ಅಂಗಡಿಯವನು ಬಡಿದು ತೋರಿಸಿದ ಮೇಲೂ ನಾನೊಮ್ಮೆ ಬಡಿಯಬೇಕು. “ನಿಮಗೆ ನಿಮ್ಮ ನೆರಳು ಕಂಡ್ರೂ ಗುಮಾನಿ” ಎನ್ನುವುದು ನನ್ನ ಹೆಂಡತಿ ಗಿರಿಜೆಯ ಮಾತು. ಅವಳು ತಮಾಷೆಗೆ ಹೇಳುತ್ತಾಳೋ ಬೇಸತ್ತು ಹೇಳುತ್ತಾಳೋ ಎಂಬುದರ ಮೇಲೂ ನನಗೆ ಅನುಮಾನವಿದೆ.

ಆ ವರ್ಷ ಶಿವರಾತ್ರಿಗೆ ಮುಂಚೆ ಅಪ್ಪ ತೀರಿಕೊಂಡಿದ್ದರು. ಬೇಸಿಗೆಯಲ್ಲಿ ನನಗೆ ಕೊಳ್ಳೇಗಾಲಕ್ಕೆ ವರ್ಗವಾಯಿತು. ಮುಳ್ಳೂರಿನಲ್ಲಿದ್ದ ಎರಡು ಎಕರೆ ಮಳೆಯಾಶ್ರಯದ ಹೊಲ ಅಪ್ಪನ ಕೈಯಿಂದ ನನ್ನ ಕೈಗೆ ಬಂತು, ಅದರ ಜೊತೆಗೆ ರಾಚಮ್ಮನೂ ಬಂದಳು. ರಾಚಮ್ಮ ಮದುವೆಯಾಗಿ ಆ ಊರಿಗೆ ಬಂದಾಗಿನಿಂದ ನಮ್ಮ ಹೊಲವನ್ನು ವಾರಕ್ಕೆ ಮಾಡುತ್ತಿದ್ದವಳು. ವಾರ ಎಂದರೆ ಭೂಮಿ ನಮ್ಮದು, ದುಡಿಮೆ ಅವಳದು, ಬೆಳೆ ಅರ್ಧರ್ಧ. ಗಂಡ ಹೋದ ಮೇಲೂ ಬಿಡಲಿಲ್ಲ. ಒಬ್ಬಳೇ ಮಗಳನ್ನು ಯಳಂದೂರಿಗೆ ಕೊಟ್ಟಿದ್ದಳು. ಅವಳಿಗೂ ಅಪ್ಪನಿಗೂ ನಡುವೆ ಕಾಗದಪತ್ರ ಏನೂ ಇರಲಿಲ್ಲ, ಬರೀ ಬಾಯಿಮಾತು. ಬಾಯಿಮಾತು ಎಂದರೆ ನನಗೆ ಮೈ ಉರಿಯುತ್ತದೆ.

ವರ್ಷದಿಂದ ವರ್ಷಕ್ಕೆ ಹೊಲದ ಫಸಲು ಇಳಿಯುತ್ತಾ ಬಂದಿತ್ತು. ಅಪ್ಪ ಇದ್ದಾಗ ಆ ಬಗ್ಗೆ ಒಂದು ಮಾತೂ ಆಡಿದವರಲ್ಲ. ಮುದುಕ ಮೋಸ ಹೋಗಿದ್ದಾನೆ ಎಂದು ನಾನು ತೀರ್ಮಾನಿಸಿದೆ. ಮಣ್ಣು ಪರೀಕ್ಷೆ ಮಾಡಿಸಿದಾಗ ಕೈಗೆ ಬಂದ ಚೀಟಿಯಲ್ಲಿ ಸಾರಜನಕ ಕಡಿಮೆ ಎಂದು ಬರೆದಿತ್ತು. ಅದು ಕೆಟ್ಟ ಸುದ್ದಿಯಾದ್ದರಿಂದ ನಂಬಿದೆ. ಅಷ್ಟರಲ್ಲಿ ಶುಂಠಿ ಬೆಳೆಯುವವನೊಬ್ಬ ಮನೆ ಹುಡುಕಿಕೊಂಡು ಬಂದು, ಹೊಲ ಗುತ್ತಿಗೆಗೆ ಕೊಡಿ, ಬೋರನ್ನೂ ನಾನೇ ಕೊರೆಸುತ್ತೇನೆ ಎಂದ. ಯುಗಾದಿ ಕಳೆದ ಮೇಲೆ ರಾಚಮ್ಮನಿಗೆ ಇದನ್ನು ಹೇಳಲು ಹೊಲಕ್ಕೆ ಹೋದೆ.

ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಬಗ್ಗಿ ಒಂದು ಮಣ್ಣಿನ ಹೆಂಟೆ ಎತ್ತಿ ನನ್ನ ಕೈಗೆ ಕೊಟ್ಟಳು. ಕಲ್ಲಿನಂತಿತ್ತು.

“ಒಡೀರಿ ಸಾ.”

ಒಡೆಯಲು ನೋಡಿದೆ, ಆಗಲಿಲ್ಲ.

“ಎಂಟೊರ್ಸದಿಂದ ಬರೀ ಜ್ವಾಳ, ಜ್ವಾಳದ ಮ್ಯಾಲೆ ಜ್ವಾಳ. ಯೂರಿಯಾ ಆಕಿ ಆಕಿ ಬೂಮಿ ಇಂಗಾಗದೆ. ಜ್ವಾಳ ಆಕು ಅಂತ ನಿಮ್ಮಪ್ಪಾರೇ ಅಂದಿದ್ದು, ನಾನು ಬ್ಯಾಡ ಅಂದ್ರೂ ಕೇಳ್ನಿಲ್ಲ. ಒಂದೊರ್ಸ ನನ್ ಮಾತ್ಗೆ ಬುಡಿ. ಭರಣಿ ಮಳ್ಗೆ ಅಲ್ಸಂದೆ ಆಕ್ತೀನಿ. ಅದಾದ್ಮ್ಯಾಕೆ ರಾಗಿ. ಒಂದ್ ಇಡಿ ಯೂರಿಯಾ ಮುಟ್ಟಕ್ಕಿಲ್ಲ. ರಾಗಿ ಪಕ್ಕದ ನಂಜಪ್ಪನ ರಾಗಿಗಿಂತ ಕಮ್ಮಿ ಬಂದ್ರೆ, ನೀವು ಯೋಳಾದೇ ಬ್ಯಾಡ, ನಾನೇ ವಲ ಬುಟ್ಟೋಯ್ತೀನಿ.”

“ಅಲಸಂದೆ ಏನು ಮಾಡುತ್ತೆ?”

“ಬೂಮಿಗೆ ಉಣ್ಣಾಕಿಕ್ತದೆ. ಅಜ್ಜೀಪುರದಲ್ಲಿ ನಮ್ಮಪ್ಪ ಇಂಗೇ ಮಾಡ್ತಿದ್ದ.”

ಒಪ್ಪಿದೆ. ನಂಬಿ ಒಪ್ಪಿದ್ದಲ್ಲ. ಅವಳೇ ತನ್ನ ಬಾಯಿಂದ ಹೋಗುತ್ತೇನೆ ಎಂದಿದ್ದಾಳೆ, ಬರುವ ವರ್ಷ ಶುಂಠಿಯವನಿಗೆ ಕೊಡಲು ಯಾರ ತಕರಾರೂ ಇರುವುದಿಲ್ಲ ಎಂದು ಲೆಕ್ಕ ಹಾಕಿದೆ. ಹೊರಡುವಾಗ ಅವಳು ಇನ್ನೊಂದು ಮಾತು ಸೇರಿಸಿದಳು. “ಕಾಯಿ ಬುಡುಸ್ಕಂಡ್ಮ್ಯಾಕೆ ಗಿಡ ಕುಡ್ಲಲ್ಲಿ ಕೂಯ್ತೀನಿ ಸಾ. ಯಾರೂ ಬೇರು ಕೀಳ್ಬಾರ್ದು.”

ಈ ಮಾತು ನನ್ನ ಕಿವಿಯಲ್ಲಿ ಉಳಿದುಬಿಟ್ಟಿತು. ನಮ್ಮ ಕಡೆ ಹುರುಳಿಯಾಗಲಿ ಅಲಸಂದೆಯಾಗಲಿ ಕುಡುಗೋಲು ಹಾಕಿ ಕೊಯ್ಯುವವರನ್ನು ನಾನು ಕಂಡಿರಲಿಲ್ಲ. ಬೇರುಸಮೇತ ಕಿತ್ತು, ಮಣ್ಣು ಒದರಿ, ಹೊರೆ ಕಟ್ಟಿ ಕಣಕ್ಕೆ ಒಯ್ಯುವುದೇ ಪದ್ಧತಿ. ಇವಳಿಗೆ ಮಾತ್ರ ಬೇರಿನ ಮೇಲೇಕೆ ಇಷ್ಟು ಅಕ್ಕರೆ?

ಆ ವರ್ಷ ಭರಣಿ ಮಳೆ ಚೆನ್ನಾಗಿಯೇ ಬಂತು. ಮೂರು ದಿನ ಸಂಜೆ ಗುಡುಗಿ, ನಾಲ್ಕನೆಯ ದಿನ ನೆಲ ತೊಯ್ದು ಹದವಾಯಿತು. ರಾಚಮ್ಮ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಉಳುಮೆ ಮಾಡಿಸಿ, ಸಾಲು ಹಿಡಿದು ಅಲಸಂದೆ ಹಾಕಿದಳು. ನಂಜಪ್ಪನ ಮನೆಯವರು ಮುಯ್ಯಾಳಾಗಿ ಬಂದರು. ಇವತ್ತು ನಿನ್ನ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀನು, ಕೂಲಿ ಯಾರಿಗೂ ಇಲ್ಲ, ಅದೇ ಮುಯ್ಯಾಳು. ನಂಜಪ್ಪನ ಹೊಲಕ್ಕೂ ನಮ್ಮದಕ್ಕೂ ನಡುವೆ ಒಂದು ಸಣ್ಣ ಹಳ್ಳ ಮಾತ್ರ. ಅವನಿಗೆ ಹತ್ತಾರು ಆಡುಗಳೂ ಇದ್ದವು.

ಶಾಲೆ ಶುರುವಾದ ಮೇಲೆ ನಾನು ಸಂಜೆ ಸ್ಕೂಟರ್ ಹತ್ತಿ ಹೊಲಕ್ಕೆ ಹೋಗಿಬರುವ ರೂಢಿ ಮಾಡಿಕೊಂಡೆ. ರಾಚಮ್ಮ ಮನೆಗೆ ಹೋದ ಮೇಲೆಯೇ ಹೋಗುತ್ತಿದ್ದೆ. ಮಣ್ಣಿನಲ್ಲಿ ಹರಳಿನಂಥ ಬಿಳುಪೇನಾದರೂ ಇದೆಯೋ, ಗುಟ್ಟಾಗಿ ಯೂರಿಯಾ ಎರಚಿದ್ದಾಳೋ ಎಂದು ಬಗ್ಗಿ ನೋಡುತ್ತಿದ್ದೆ. ಹೊಲದ ಬಾಯಿಯಲ್ಲಿ ಒಂದು ಜಾಲಿಕಡ್ಡಿ ಅಡ್ಡ ಇಟ್ಟು, ಮರುದಿನ ಅದು ಸರಿದಿದೆಯೋ ಎಂದು ಪರೀಕ್ಷಿಸುತ್ತಿದ್ದೆ. ಕಡ್ಡಿ ದಿನವೂ ಸರಿದಿರುತ್ತಿತ್ತು, ಹೊಲ ಮಾಡುವವಳು ಹೊಲಕ್ಕೆ ಬರದೆ ಇನ್ನೇನು ಮಾಡುತ್ತಾಳೆ?

ಮೃಗಶಿರ ಮುಗಿದು ಗಿಡ ಹೂವಿಗೆ ಬಂದಾಗ ಒಂದು ಸಂಜೆ ತಡೆಯಲಾರದೆ ಒಂದು ಗಿಡ ಕಿತ್ತು ನೋಡಿದೆ. ಬೇರಿನ ತುಂಬ ಗಂಟು. ಸಣ್ಣವು ದೊಡ್ಡವು, ಮಣಿ ಪೋಣಿಸಿದ ಹಾಗೆ. ಹಿಂದಿನ ವರ್ಷ ನಂಜಪ್ಪನ ಟೊಮೆಟೊ ಬೆಳೆ ಪೂರ್ತಿ ಸೊರಗಿ ಹೋಗಿತ್ತು. ಕಿತ್ತು ನೋಡಿದರೆ ಬೇರೆಲ್ಲ ಊದಿ ಗಂಟುಗಂಟಾಗಿತ್ತಂತೆ. ಕಣ್ಣಿಗೆ ಕಾಣದ ಹುಳು ಬೇರಿನೊಳಗೆ ಸೇರಿಕೊಳ್ಳುವ ರೋಗ, ಒಮ್ಮೆ ಬಂದರೆ ಭೂಮಿಯನ್ನೇ ಬಿಡುವುದಿಲ್ಲ ಎಂದು ಅಪ್ಪ ಫೋನಿನಲ್ಲಿ ಹೇಳಿದ್ದರು. ಅದೇ ರೋಗ ಹಳ್ಳ ದಾಟಿ ನಮ್ಮ ಹೊಲಕ್ಕೆ ಬಂದಿದೆ ಎಂದುಕೊಂಡೆ.

ಅಲ್ಲಿಂದ ನನ್ನ ಬುದ್ಧಿ ಓಡಿದ ಓಟಕ್ಕೆ ಈಗ ನನಗೇ ನಾಚಿಕೆಯಾಗುತ್ತದೆ. ‘ಯಾರೂ ಬೇರು ಕೀಳಬಾರದು’ ಎಂದು ಅವಳು ಹೇಳಿದ್ದು ಇದಕ್ಕೇ! ರೋಗ ಇರುವುದು ಅವಳಿಗೆ ಮೊದಲೇ ಗೊತ್ತು. ಬೇರು ಹೊರಗೆ ಬಂದರೆ ಗುಟ್ಟು ಹೊರಗೆ ಬರುತ್ತದೆ. ಅದಕ್ಕೇ ಕುಡುಗೋಲು, ಅದಕ್ಕೇ ಅಜ್ಜೀಪುರದ ಅಪ್ಪನ ಕಥೆ. ಎಲ್ಲವೂ ಎಷ್ಟು ಚೆನ್ನಾಗಿ ಹೊಂದಿಕೊಂಡಿತು ಎಂದರೆ ನನಗೆ ಸಂತೋಷವೇ ಆಯಿತು. ಔಷಧಿ ಅಂಗಡಿಯವನನ್ನು ಕೇಳಿದೆ. ಅವನು ಗಿಡವನ್ನು ನೋಡದೆಯೇ, “ಗಂಟಿದ್ರೆ ಕಿತ್ತಾಕಿ ಮೇಷ್ಟ್ರೆ, ಉಳ್ದಿದ್ಕೆ ಹರಡ್ತದೆ” ಎಂದ. ರಾಚಮ್ಮನನ್ನು ಮಾತ್ರ ಕೇಳಲಿಲ್ಲ. ಕಳ್ಳನನ್ನು ಯಾರಾದರೂ ಕೇಳುತ್ತಾರೆಯೇ?

ಆ ಭಾನುವಾರ ಅವಳು ಮಗಳ ಸೀಮಂತಕ್ಕೆ ಯಳಂದೂರಿಗೆ ಹೋಗಿದ್ದಳು. ನಾನು ಹಳೆಯ ಪಂಚೆ ಉಟ್ಟು ಹೊಲಕ್ಕೆ ಇಳಿದೆ. ಹಳ್ಳದ ಕಡೆಯಿಂದ ಶುರುಮಾಡಿ ಒಂದೊಂದೇ ಸಾಲು ಹಿಡಿದು ಕಿತ್ತೆ. ಹೂವು ತುಂಬಿದ ಗಿಡಗಳು, ಮೆತ್ತಗಿನ ಮಣ್ಣು, ಎಳೆದರೆ ಸರಕ್ಕನೆ ಬರುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಏಳು ಸಾಲು ಮುಗಿಯಿತು. ಎಂಟನೆಯದಕ್ಕೆ ಕೈ ಹಾಕುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು, ಮಳೆಯೂ ಶುರುವಾಯಿತು. ಕಿತ್ತ ಗಿಡಗಳನ್ನೆಲ್ಲ ಹಳ್ಳಕ್ಕೆ ಎಸೆದು ಮನೆಗೆ ಬಂದೆ. ಗಿರಿಜೆ ಬೆನ್ನಿಗೆ ಮುಲಾಮು ಹಚ್ಚುತ್ತಾ, “ಯಾರ ಮೇಲೆ ಗುಮಾನಿ ಮಾಡಿ ಇಷ್ಟು ದಣಿದ್ರಿ?” ಎಂದು ಕೇಳಿದಳು.

ಎರಡು ದಿನ ಬಿಡದೆ ಮಳೆ ಸುರಿಯಿತು. ಗಿಡ ಕಿತ್ತ ಕುಳಿಗಳೆಲ್ಲ ಮುಚ್ಚಿಕೊಂಡವು. ಹಳ್ಳಕ್ಕೆ ಎಸೆದ ಗಿಡಗಳ ಮೇಲೆ ನಂಜಪ್ಪನ ಆಡುಗಳು ಬಿದ್ದು ಸೊಪ್ಪು, ಕಾಂಡ ಎಲ್ಲ ಮುಗಿಸಿದವು, ಉಳಿದ ಬೇರು ಹಳ್ಳದ ನೀರಿಗೆ ಕೊಚ್ಚಿಹೋಯಿತು. ರಾಚಮ್ಮ ಬುಧವಾರ ಬಂದು ನೋಡಿದಾಗ ಕಂಡದ್ದು ಬೋಳಾದ ಒಂದು ಪಟ್ಟೆ, ಅದರ ಪಕ್ಕ ಆಡಿನ ಹಿಕ್ಕೆ, ಅಗಿದು ಬಿಟ್ಟ ಅಲಸಂದೆ ಕಡ್ಡಿ. ಇನ್ನೇನು ಬೇಕು? ಅವಳು ಸೀದಾ ನನ್ನ ಶಾಲೆಗೆ ಬಂದಳು.

“ಸಾ, ನಂಜಪ್ಪ ಆಡ್ ಬುಟ್ಟು ಮೇಯ್ಸವ್ನೆ. ನೀವೇ ಬಂದು ನ್ಯಾಯ ಯೋಳಿ.”

ಆಗಲೇ ಹೇಳಬೇಕಿತ್ತು. ಬಾಯಿಯವರೆಗೂ ಬಂತು. ಆದರೆ ಅವಳು ಊರಿನಲ್ಲಿಲ್ಲದಾಗ ಕದ್ದು ಕಿತ್ತೆ ಎಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಗೆ ಹೇಳುವುದು? ಅವಳ ಜೊತೆ ಮುಳ್ಳೂರಿಗೆ ಹೊರಟೆ.

ನಂಜಪ್ಪನ ಮನೆಯ ಅಂಗಳದಲ್ಲಿ ನಾಲ್ಕು ಜನ ಸೇರಿದರು. ನಂಜಪ್ಪ ಮಾತು ಕಡಿಮೆ ಇರುವವನು. “ನನ್ನಾಡು ಅಳ್ಳದಲ್ಲಿ ಬಿದ್ದಿದ್ದ ತಿಂದ್ವು, ವಲಕ್ಕೆ ಕಾಲಿಟ್ಟಿಲ್ಲ” ಎಂದ. “ಅಳ್ಳದಲ್ಲಿ ಗಿಡ ಅದಾಗೇ ಬಂದು ಬೀಳ್ತಾ? ಆಣೆ ಮಾಡು” ಎಂದಳು ರಾಚಮ್ಮ. ಬೆಟ್ಟದ ಮಾದಪ್ಪನ ಆಣೆ ಎಂದರೆ ನಮ್ಮ ಸೀಮೆಯಲ್ಲಿ ಆಟವಲ್ಲ. ಸುಳ್ಳಾಣೆ ಮಾಡಿದವನ ಮನೆ ಉಳಿಯುವುದಿಲ್ಲ, ನಿಜ ಹೇಳುವವನನ್ನು ಆಣೆಗೆ ಎಳೆದರೆ ಎಳೆದವರಿಗೂ ಒಳ್ಳೆಯದಲ್ಲ. ನಂಜಪ್ಪ ಕರ್ಪೂರ ತರಿಸಿ, ಹಚ್ಚಿ, ಅದರ ಮೇಲೆ ಕೈಯಾಡಿಸಿ ಆಣೆ ಮಾಡಿದ. ಅವನ ಕಣ್ಣಲ್ಲಿ ನೀರಿತ್ತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು, “ಆಯ್ತು, ಇನ್ನು ಮುಂದೆ ನೋಡ್ಕೊಂಡು ಹೋಗಿ” ಎಂದೆ. ಅಲ್ಲಿಗೆ ಎರಡು ಮನೆಗೂ ಮಾತು ನಿಂತಿತು, ಮುಯ್ಯಾಳೂ ನಿಂತಿತು.

ಜುಲೈ ತಿಂಗಳಲ್ಲಿ ಎಂಟನೆಯ ತರಗತಿಗೆ ಬೆಳೆಗಳ ಪಾಠ. ಇಪ್ಪತ್ತು ವರ್ಷದಿಂದ ಮಾಡುತ್ತಾ ಬಂದ ಪಾಠವದು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಗೋಧಿ ಬೆಳೆದ ಭೂಮಿಯಲ್ಲಿ ಮುಂದೆ ಕಡಲೆಯಂಥ ದ್ವಿದಳ ಧಾನ್ಯ ಬೆಳೆದರೆ ಮಣ್ಣಿಗೆ ಸಾರಜನಕ ಸೇರುತ್ತದೆ, ಬೆಳೆ ಬದಲಾವಣೆ, ನಾಲ್ಕು ಅಂಕ. ಚಪಾತಿ ಹಿಟ್ಟಿನ ಪ್ಯಾಕೆಟ್ಟಿನಲ್ಲಿ ಬಿಟ್ಟರೆ ನಮ್ಮ ಸೀಮೆಯಲ್ಲಿ ಗೋಧಿಯನ್ನು ಯಾರು ಕಂಡಿದ್ದಾರೆ, ಆದರೂ ಗೋಧಿ ಎಂದೇ ಹೇಳಿಕೊಡುತ್ತಿದ್ದೆ. ಬೋರ್ಡಿನ ಮೇಲೆ ಗಿಡ ಬರೆದೆ, ಬೇರು ಬರೆದೆ, ಬೇರಿಗೆ ಸಣ್ಣ ಸಣ್ಣ ಸೊನ್ನೆ ಸುತ್ತತೊಡಗಿದೆ. ಈ ಗಂಟುಗಳಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಇದ್ದು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ ಎಂದು ಬಾಯಿ ಹೇಳುತ್ತಿತ್ತು. ಐದನೆಯ ಸೊನ್ನೆಗೆ ಸೀಮೆಸುಣ್ಣ ನಿಂತಿತು.

“ಸಾ, ಅದ ಚಿವುಟುದ್ರೆ ಒಳ್ಗೆ ಕೆಂಪಗಿರ್ತದೆ ಸಾ, ರಕ್ತದಂಗೆ” ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದಳು.

ಸಂಜೆ ಹೊಲಕ್ಕೆ ಓಡಿದೆ. ಇನ್ನೊಂದು ಗಿಡ ಕಿತ್ತೆ. ಗಂಟನ್ನು ಉಗುರಿನಿಂದ ಎಬ್ಬಿಸಿದರೆ ಬೇರಿಗೆ ಏನೂ ಆಗದೆ ಮಣಿಯಂತೆ ಕಳಚಿ ಬಂತು. ನಂಜಪ್ಪನ ಟೊಮೆಟೊದಲ್ಲಿ ಬೇರೇ ಊದಿತ್ತು ಎಂದು ಅಪ್ಪ ಹೇಳಿದ್ದರು, ಅಲ್ಲಿ ಹೀಗೆ ಬಿಡಿಸಲು ಏನೂ ಇರುವುದಿಲ್ಲ. ಚಿವುಟಿದೆ. ಒಳಗೆ ಕೆಂಪು. ಪರೀಕ್ಷೆಯಲ್ಲಿ ಮಕ್ಕಳ ಚಿತ್ರದಲ್ಲಿ ಗಂಟು ಇಲ್ಲದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದ ನಾನು, ನನ್ನದೇ ಹೊಲದಲ್ಲಿ ಆ ಗಂಟು ಕಂಡಾಗ ರೋಗ ಎಂದಿದ್ದೆ. ಬದುವಿನ ಮೇಲೆ ಕೂತುಬಿಟ್ಟೆ.

ಆದರೂ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ದೂಡಿದೆ. ರಾಚಮ್ಮ ಕಾಯಿ ಬಿಡಿಸಿದಳು, ಹೇಳಿದಂತೆ ಕುಡುಗೋಲಿನಲ್ಲಿ ಗಿಡ ಕೊಯ್ದು ಸೊಪ್ಪನ್ನು ಅಲ್ಲೇ ಉಳಿಸಿ ಮಣ್ಣಿಗೆ ಸೇರಿಸಿದಳು. ಆಶ್ಲೇಷಾ ಮಳೆಗೆ ರಾಗಿ ಬಿತ್ತಿದಳು. ನಂಜಪ್ಪನೂ ಹಳ್ಳದ ಆಚೆ ಬಿತ್ತಿದ. ರಾಗಿ ಬಂದರೆ ಎಲ್ಲವೂ ಮುಚ್ಚಿಹೋಗುತ್ತದೆ, ಏಳು ಸಾಲಿನ ಸುದ್ದಿ ಯಾರಿಗೆ ನೆನಪಿರುತ್ತದೆ ಎಂದು ಸಮಾಧಾನ ಹೇಳಿಕೊಂಡೆ.

ಮುಚ್ಚಲಿಲ್ಲ, ಬಯಲಿಗೆ ತಂದಿತು. ಉತ್ತರೆ ಮಳೆಯ ಹೊತ್ತಿಗೆ ಹೊಲ ಕಪ್ಪು ಎನ್ನುವಷ್ಟು ಹಸಿರಾಯಿತು. ಆ ಹಸಿರಿನ ಒಂದು ಪಕ್ಕದಲ್ಲಿ, ಹಳ್ಳದ ಉದ್ದಕ್ಕೂ, ಹಳದಿ ತಿರುಗಿದ ಏಳು ಸಾಲು ರಾಗಿ. ಗೆರೆ ಎಳೆದಂತೆ ನೆಟ್ಟಗೆ ನಿಂತಿತ್ತು. ಹನೂರಿನ ರಸ್ತೆಯಲ್ಲಿ ಹೋಗುವ ಬಸ್ಸಿನಿಂದಲೂ ಕಾಣುತ್ತದೆ ಎಂದು ನನಗೆ ಅನ್ನಿಸುತ್ತಿತ್ತು, ಅಲ್ಲಿಂದ ನಮ್ಮ ಹೊಲವೇ ಕಾಣುವುದಿಲ್ಲ.

ಯೂರಿಯಾ ಎರಚಿ ಆ ಪಟ್ಟೆಯನ್ನು ಹಸಿರು ಮಾಡಿಬಿಡೋಣ ಎಂಬ ಉಪಾಯ ಹೊಳೆಯಿತು. ರಾಚಮ್ಮ ಎಲ್ಲಿ ಎರಚುತ್ತಾಳೋ ಎಂದು ಕಾದವನು ಈಗ ನಾನೇ ಎರಚಲು ಹೊರಟೆ. ಗೊಬ್ಬರ ಬಂದಿದೆ ಎಂದು ಕೇಳಿ ಹೋದರೆ ಬೆಳಗ್ಗೆಯೇ ಉದ್ದ ಸಾಲು. ಆಧಾರ್ ಕಾರ್ಡು ಹಿಡಿದು, ಮಿಷನ್ನಿಗೆ ಹೆಬ್ಬೆಟ್ಟು ಒತ್ತಲು ನಿಂತ ಜನ. ನನ್ನ ಮುಂದೆಯೇ ನಂಜಪ್ಪ. ತಿರುಗಿ ನೋಡಿದ.

“ನಿಮ್ ವಲಕ್ಕೆ ಯೂರಿಯಾ ಬ್ಯಾಡ್ವಂತಲ್ಲ ಮೇಷ್ಟ್ರೆ. ಅದ್ಕೇ ಅಲ್ವಾ ರಾಚಮ್ಮ ಪಂಥ ಕಟ್ಟಿರಾದು?”

“ಸುಮ್ನೆ ಬಂದೆ ನಂಜಪ್ಪ, ನೋಡೋಣ ಅಂತ” ಎಂದು ಸಾಲು ಬಿಟ್ಟು ಬಂದೆ. ಯೂರಿಯಾ ಸಾಲನ್ನು ಸುಮ್ಮನೆ ನೋಡಲು ಯಾರೂ ಬರುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಹಸ್ತ ಮಳೆ ಬಿಟ್ಟ ಒಂದು ಮಧ್ಯಾಹ್ನ ರಾಚಮ್ಮ ಹೇಳಿಕಳಿಸಿದಳು. ಹೋದೆ. ಅವಳು ಹಳದಿ ಪಟ್ಟೆಯ ಅಂಚಿನಲ್ಲಿ ನಿಂತಿದ್ದಳು.

“ಸಾ, ಆಡು ಮೇದ್ರೆ ಏನ್ ಬುಡ್ತದೆ?”

“ಏನು?”

“ಬೇರ ಬುಡ್ತದೆ. ಸೊಪ್ಪು ತಿಂದು ಬೇರ ಬೂಮಿಲೇ ಬುಟ್ಟೋಯ್ತದೆ. ಬೇರಿದ್ದಿದ್ರೆ ಇಲ್ಲೂ ರಾಗಿ ಇಷ್ಟು ಸೊರಗ್ತಿರ್ನಿಲ್ಲ. ಇಲ್ಲಿ ಬೇರಿಲ್ಲ.”

“ಹಂದಿ ಇರಬಹುದು” ಎಂದೆ.

“ಅಂದಿ ಸಾಲಿಡ್ಕಂಡ್ ಬತ್ತದಾ ಸಾ? ಅದು ಅಲ್ಲೊಂದು ಇಲ್ಲೊಂದು ಬಗೀತದೆ. ಇದು ಗೆರೆ ಎಳ್ದಂಗದೆ. ಇದು ಮನ್ಸನ ಕೈ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು. ಅವಳು ಅದನ್ನು ನೋಡಲೂ ಇಲ್ಲ.

“ಯಾವನೋ ಒಟ್ಟೆಕಿಚ್ಚಿನೋನು ಕಿತ್ತವ್ನೆ. ನಾನು ಇಂದುಮುಂದು ನೋಡ್ದೆ ನಂಜಪ್ಪನ್ನ ಮಾದಪ್ಪನ ಆಣೆಗೆಳ್ದೆ. ಪಾಪ ಸುತ್ಕತದೆ ಸಾ. ಈಗ್ಲೇ ಓಗಿ ಅವ್ನ ಕಾಲಿಡೀತೀನಿ.”

ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಹಳ್ಳಕ್ಕೆ ಇಳಿಯುತ್ತಿದ್ದ ಅವಳ ಬೆನ್ನು ನೋಡುತ್ತಾ ನಿಂತೆ. ಯಾರನ್ನೆಲ್ಲ ಅನುಮಾನಿಸಿದವಳು ನನ್ನನ್ನು ಮಾತ್ರ ಅನುಮಾನಿಸಲಿಲ್ಲ. ಹೊಲದ ಒಡೆಯ ತನ್ನ ಬೆಳೆಯನ್ನು ತಾನೇ ಕೀಳುತ್ತಾನೆ ಎಂದು ಅವಳ ತಲೆಗೆ ಹೋಗುವುದಾದರೂ ಹೇಗೆ? ನನಗಿಂತ ವಯಸ್ಸಿನಲ್ಲಿ ದೊಡ್ಡವಳು ನಾನು ಮಾಡಿದ್ದಕ್ಕೆ ಇನ್ನೊಬ್ಬನ ಕಾಲು ಹಿಡಿಯಲು ಹೋಗುತ್ತಿದ್ದಳು.

“ರಾಚಮ್ಮ, ನಿಂತ್ಕೋ. ಕಿತ್ತಿದ್ದು ನಾನು.”

ಅವಳು ಹಳ್ಳದೊಳಗೇ ನಿಂತು ತಿರುಗಿದಳು. ನನಗೆ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, “ಯಾಕ್ ಸಾ?” ಎಂದಳು.

“ಬೇರಲ್ಲಿ ಗಂಟಿತ್ತು. ರೋಗ ಅಂದ್ಕೊಂಡೆ. ನೀನು ಮುಚ್ಚಿಟ್ಟಿದ್ದೀಯ ಅಂದ್ಕೊಂಡೆ.”

ಅವಳು ಸಿಕ್ಕಿಸಿದ್ದ ಸೆರಗನ್ನು ಬಿಡಿಸಿಕೊಂಡಳು. ಆಮೇಲೆ ಹೇಳಿದ್ದು ಇಷ್ಟೇ. “ನನ್ನ ಒಂದ್ ಮಾತು ಕೇಳ್ಬೋದಿತ್ತಲ್ಲ ಸಾ.”

ಇಬ್ಬರೂ ನಂಜಪ್ಪನ ಮನೆಗೆ ಹೋದೆವು. ಈ ಸಲ ಮಾತಾಡಿದವನು ನಾನು. ನಂಜಪ್ಪ ಪೂರ್ತಿ ಕೇಳಿ, ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, “ಬೇಲಿಯೇ ಎದ್ದು ವಲ ಮೇದ್ರೆ ಯಾರ್ಗ್ ಯೋಳದು ಮೇಷ್ಟ್ರೆ” ಎಂದ. ಬೈದಿದ್ದರೆ ವಾಸಿಯಿತ್ತು. ಕೊನೆಗೆ ರಾಗಿ ಕುಯ್ಲಿಗೆ ತನ್ನ ಮನೆಯವರು ರಾಚಮ್ಮನಿಗೆ ಮುಯ್ಯಾಳಾಗಿ ಬರುತ್ತಾರೆ, ಅದಕ್ಕೆ ಪ್ರತಿಯಾಗಿ ತನ್ನ ಹೊಲಕ್ಕೆ ಅವಳು ಬರುವುದು ಬೇಡ, ಮೇಷ್ಟ್ರು ಬರಬೇಕು ಎಂದು ತೀರ್ಪು ಕೊಟ್ಟ. ಡಿಸೆಂಬರಿನ ಎರಡು ಭಾನುವಾರ ನಾನು ನಂಜಪ್ಪನ ರಾಗಿ ಕೊಯ್ದೆ. ಊರಿನವರು ಒಬ್ಬೊಬ್ಬರಾಗಿ ಬದುವಿನ ಮೇಲೆ ಬಂದು ನಿಂತು ನೋಡಿ ಹೋದರು.

ನಮ್ಮ ಹೊಲದ ರಾಗಿ ಅವನದಕ್ಕಿಂತ ಮೇಲಾಗಿ ಬಂತು. ಹೇಳಿದವನು ನಂಜಪ್ಪನೇ, ತೆನೆ ಕೈಯಲ್ಲಿ ಉಜ್ಜಿ, ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ. ಶುಂಠಿಯವನು ಆ ಹಸಿರಿನ ಸುದ್ದಿ ಕೇಳಿ ಮತ್ತೆ ಮನೆಗೆ ಬಂದ. ಹೊಲ ಕೊಡುವುದಿಲ್ಲ ಎಂದು ಕಳಿಸಿದೆ. ಹಾಗೆ ಕಳಿಸಿದರೂ ನನಗೆ ನಿದ್ದೆಯಿರಲಿಲ್ಲ. ಪಂಥ ಗೆದ್ದಿದ್ದಾಳೆ, ಆದರೆ ನನ್ನಂಥವನ ಹೊಲವನ್ನು ಇನ್ನೂ ಮಾಡುತ್ತಾಳೆಯೇ? ಹಸ್ತ ಮಳೆಯಿಂದ ಅಲ್ಲಿಯವರೆಗೂ ಅವಳು ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಈಗ ಕಣ ಮಾಡುವವರು ಯಾರು, ಟಾರು ರಸ್ತೆಯೇ ಕಣ. ರಾಗಿ ತೆನೆಯನ್ನು ರಸ್ತೆಗೆ ಹರಡಿ, ಓಡಾಡುವ ಗಾಡಿಗಳ ಚಕ್ರಕ್ಕೆ ಬಿಟ್ಟು, ಪಕ್ಕದಲ್ಲಿ ಕೂತಿದ್ದೆವು. ಅಲ್ಲಿ ಕೇಳಿದೆ.

“ಮುಂದಿನ ವರ್ಷ ಏನು ಮಾಡ್ತೀಯ ರಾಚಮ್ಮ?”

“ವಲ ಮಾಡ್ತೀನಿ ಸಾ. ಬೂಮಿ ಏನ್ ತಪ್ಪು ಮಾಡದೆ? ಆದ್ರೆ ಆ ಏಳು ಸಾಲು ನಂಗ್ ಬ್ಯಾಡ.”

“ಮತ್ತೆ?”

“ಅದು ನಿಮ್ದು. ನೀವೇ ಬಿತ್ತಿ, ನೀವೇ ಕಳೆ ಕೀಳಿ, ನೀವೇ ಕೂಯ್ರಿ. ನೋಡ್ಬೇಕು ಅನ್ನುಸ್ದಾಗ ಅಲ್ಲಿ ನೋಡ್ಕಳಿ. ನನ್ ಸಾಲ್ಗೆ ಬರ್ಬ್ಯಾಡಿ.”

ಅಂದಿನಿಂದ ಹಾಗೇ ನಡೆದುಕೊಂಡು ಬಂದಿದೆ. ಪ್ರತಿ ವರ್ಷ ಭರಣಿ ಮಳೆಗೆ ನಾನು ಏಳು ಸಾಲು ಅಲಸಂದೆ ಹಾಕುತ್ತೇನೆ. ಆ ಪಟ್ಟೆಯ ರಾಗಿ ಉಳಿದ ಹೊಲದ ಬಣ್ಣಕ್ಕೆ ಬರಲು ಎರಡು ವರ್ಷ ಹಿಡಿಯಿತು. ಗಿಡ ಹೂವಿಗೆ ಬಂದಾಗ ಈಗಲೂ ಒಂದೇ ಒಂದು ಕಿತ್ತು ನೋಡೋಣ ಎಂದು ಕೈ ತುರಿಸುತ್ತದೆ. ಕೀಳುವುದಿಲ್ಲ. ರಾಚಮ್ಮ ಬದುವಿನ ಮೇಲೆ ಹಾದುಹೋಗುವಾಗೆಲ್ಲ ನನ್ನ ಗಿಡಗಳನ್ನು ಎಣಿಸುತ್ತಾಳೆ. ಬಾಯಿಬಿಟ್ಟು ಎಣಿಸುವುದಿಲ್ಲ, ತುಟಿ ಮಾತ್ರ ಆಡುತ್ತದೆ.

ಮೊನ್ನೆ ಸತ್ತೇಗಾಲದಿಂದ ವಾಪಸು ಬಂದವನು ಅದೇ ಸಂಜೆ ಹೊಲದ ಕಡೆ ಹೋದೆ. ನನ್ನ ಮೂರನೆಯ ಸಾಲಿನಲ್ಲಿ ಒಂದು ಗಿಡ ಇರಲಿಲ್ಲ. ಅದರ ಜಾಗದಲ್ಲಿ ಬಗೆದ ಗುಂಡಿ, ಅದರ ಪಕ್ಕ ಗೊರಸಿನ ಗುರುತು. ನಾನು ನೋಡುತ್ತಿದ್ದ ಹಾಗೆಯೇ ರಾಚಮ್ಮ ಬಂದು ನಿಂತಳು.

“ಒಂದು ಕಮ್ಮಿ ಅದಲ್ಲ ಸಾ.”

“ಹಂದಿ ಕಣೇ ರಾಚಮ್ಮ. ನಿಜವಾಗಿ ಹಂದಿ. ನೋಡು, ಗೊರಸು ಊರಿದೆ” ಎಂದು ಕೈ ಚಾಚಿ ತೋರಿಸಿದೆ.

ರಾಚಮ್ಮ ಗುಂಡಿ ನೋಡಲಿಲ್ಲ, ಗೊರಸೂ ನೋಡಲಿಲ್ಲ. ಚಾಚಿದ ನನ್ನ ಕೈಯನ್ನು ಹಿಡಿದು, ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನ ಉಗುರು ನೋಡಿದಳು. ಬಸ್ಸಿನಲ್ಲಿ ಹತ್ತಿದ ಕೆಂಪು ಒಣಗಿ ಇನ್ನೂ ಅಲ್ಲೇ ಇತ್ತು.